ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪು

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯಿತು. "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಅಂತ ಇಬ್ಬರು ಮೂವರು ಕೇಳಿಯೂ ಆಯಿತು. ಪ್ರಾಜೆಕ್ಟು, ರಿಲೀಸು, ಡೆಡ್‌ಲೈನು ಅಂತೆಲ್ಲ ಹೇಳಬಹುದು, ಆದರೆ ನಿಜ ಹೇಳಬೇಕೆಂದರೆ ಸೋಮಾರಿತನ. ಇವತ್ತು ಬಡ್ಡಿ ಸಮೇತ ಕೊರೆಯುತ್ತೇನೆ. ಸ್ವಲ್ಪ ಉದ್ದವೇ ಇದೆ, ಒಂದು ಲೋಟ ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಮಲ್ಲೇಶ್ವರ ದಾಟಿ ಸಿ.ವಿ.ರಾಮನ್ ರಸ್ತೆಗೆ ಬಂದ ಕೂಡಲೇ ಬಿಎಂಟಿಸಿ ಕಂಡಕ್ಟರು "ಟಾಟಾ ಇನ್‌ಸ್ಟಿಟ್ಯೂಟ್ ಯಾರ್ರೀ ಇಳಿಯೋರು?" ಅಂತ ಕೂಗುವುದನ್ನು ಬೆಂಗಳೂರಿನವರೆಲ್ಲ ಕೇಳಿರುತ್ತೀರಿ. ಬೋರ್ಡಿನ ಮೇಲಿರುವ ಹೆಸರು 'ಭಾರತೀಯ ವಿಜ್ಞಾನ ಸಂಸ್ಥೆ'. ನೂರು ವರ್ಷ ದಾಟಿದರೂ ಊರಿನವರ ಬಾಯಲ್ಲಿ ಆ ಹೆಸರು ಕೂತಿಲ್ಲ. ಬಸ್ಸಿಗೆ, ಆಟೋದವರಿಗೆ, ಹಳೇ ಮಲ್ಲೇಶ್ವರದ ಅಜ್ಜಂದಿರಿಗೆ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟು.

ನನಗೂ ಆ ಜಾಗಕ್ಕೂ ಒಂದು ಹಳೇ ಲೆಕ್ಕ ಇದೆ. ಎಂಜಿನಿಯರಿಂಗ್ ಮುಗಿಸಿದವರು ಎಂ.ಟೆಕ್. ಸೇರಲು ಬರೆಯುವ ಪರೀಕ್ಷೆಗೆ ಗೇಟ್ ಅಂತ ಹೆಸರು. ಯಾರು ಇಟ್ಟರೋ, ಸರಿಯಾಗೇ ಇಟ್ಟಿದ್ದಾರೆ. ನಾನು ಎರಡು ಸಲ ಗೇಟ್ ಬರೆದೆ, ಎರಡು ಸಲವೂ ಗೇಟಿನ ಹೊರಗೇ ಉಳಿದೆ. ತಪ್ಪು ಯಾರದ್ದೂ ಅಲ್ಲ. ನನ್ನ ನೆಟ್‌ವರ್ಕ್ ಥಿಯರಿ ಅಷ್ಟು ಚೆನ್ನಾಗಿತ್ತು! ಆಮೇಲೆ ಸಾಫ್ಟ್‌ವೇರ್ ಕಂಪನಿ, ಕ್ಯಾಬು, ಕ್ಯೂಬಿಕಲ್ಲು... ನಿಮ್ಮ ಕಥೆಯೇ ನನ್ನ ಕಥೆ. ಆದರೆ ಆ ಸ್ಟಾಪಿನ ಹತ್ತಿರ ಬಸ್ಸು ನಿಂತಾಗಲೆಲ್ಲ ಮರಗಳ ಮಧ್ಯೆ ಕಾಣುವ ಆ ಕಾಂಪೌಂಡಿನ ಕಡೆ ನೋಡುತ್ತಿರಲಿಲ್ಲ. ಮೊಬೈಲು ನೋಡುತ್ತಿದ್ದೆ.

ಹೋದ ವರ್ಷ ತಿಪಟೂರಿನಿಂದ ಸೋದರಮಾವ ಬಂದಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ರಿಟೈರಾದವರು. "ಶನಿವಾರ ಟಾಟಾ ಇನ್‌ಸ್ಟಿಟ್ಯೂಟಲ್ಲಿ ಓಪನ್ ಡೇ ಅಂತೆ, ಯಾರು ಬೇಕಾದ್ರೂ ಹೋಗಬಹುದಂತೆ, ನಡಿ" ಅಂದರು. ನಾನು ಆಫೀಸು, ಟ್ರಾಫಿಕ್ಕು ಅಂತ ತಪ್ಪಿಸಿಕೊಳ್ಳಲು ನೋಡಿದೆ. "ನೀನು ಓದಲಿಲ್ಲ ಅಂತ ಬೇಜಾರಾ? ನಾನು ಅಲ್ಲಿ ಓದಿದವನು ಕಣೋ! ಹತ್ತು ದಿನ" ಅಂದರು. ಏನು ಮಾವ ಅದು ಅಂದರೆ, "ಚಳ್ಳಕೆರೆ" ಅಂದು ನಕ್ಕರು. ಚಳ್ಳಕೆರೆಯ ಕಥೆ ಕೊನೆಗೆ ಹೇಳುತ್ತೇನೆ.

ಅಂತೂ ಹೋದೆವು. ಬಂದ ಮೇಲೆ ಆ ಕ್ಯಾಂಪಸ್ಸಿನ ಚರಿತ್ರೆ ಓದುವ ಹುಚ್ಚು ಹಿಡಿಯಿತು. ಓದುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯಿತು: ಅದರ ನೂರು ವರ್ಷದ ಕಥೆಯೂ ಗೇಟಿನ ಕಥೆಯೇ. ಯಾರು ಒಳಗೆ, ಯಾರು ಹೊರಗೆ. ಅದನ್ನೇ ನಿಮಗೆ ಹೇಳೋಣ ಅಂತ.

* * *

ಶುರುವಾದದ್ದು ಮುಂಬಯಿಯಲ್ಲಿ. ಜಮ್‌ಷೆಡ್‌ಜಿ ಟಾಟಾ ಬಟ್ಟೆ ಗಿರಣಿಗಳಲ್ಲಿ ದುಡ್ಡು ಮಾಡಿದವರು. 1893ರಲ್ಲಿ ಜಪಾನಿನ ಯೊಕೊಹಾಮಾದಿಂದ ಕೆನಡಾದ ವ್ಯಾಂಕೂವರ್‌ಗೆ ಹೋಗುವ ಹಡಗಿನಲ್ಲಿ ಅವರ ಜೊತೆ ಪ್ರಯಾಣ ಮಾಡಿದ ಒಬ್ಬ ಸಂನ್ಯಾಸಿ ಸ್ವಾಮಿ ವಿವೇಕಾನಂದ. ಐದು ವರ್ಷದ ಮೇಲೆ, 1898ರ ನವೆಂಬರಿನಲ್ಲಿ, ಟಾಟಾ ಆ ಭೇಟಿಯನ್ನು ನೆನಪಿಸಿ ವಿವೇಕಾನಂದರಿಗೆ ಕಾಗದ ಬರೆದರು. ಒಂದು ವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟುವ ಯೋಚನೆ ಇದೆ, ಅದರ ಪರವಾಗಿ ನೀವು ಜನರಿಗೆ ನಾಲ್ಕು ಮಾತು ಹೇಳಬೇಕು ಅಂತ. ಮುಂಬಯಿಯಲ್ಲಿದ್ದ ತಮ್ಮ ಕಟ್ಟಡ, ಜಮೀನು ಸೇರಿ 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಅದಕ್ಕೆ ತೆಗೆದಿಟ್ಟರು. ಯುರೋಪಿನ ವಿಶ್ವವಿದ್ಯಾಲಯಗಳನ್ನೆಲ್ಲ ನೋಡಿಕೊಂಡು ಬಾ ಅಂತ ಬರ್ಜೋರ್ಜಿ ಪಾದಶಾ ಎಂಬ ತಮ್ಮ ಆಪ್ತರನ್ನು ಕಳಿಸಿಯೂ ಇದ್ದರು.

ಆಗಷ್ಟೇ ವೈಸರಾಯ್ ಆಗಿ ಬಂದಿದ್ದ ಲಾರ್ಡ್ ಕರ್ಜನ್ ಮುಂದೆ ಈ ಯೋಜನೆ ಬಂತು. ಆತನಿಗೆ ಇದ್ದ ಅನುಮಾನ ಎರಡು. ಇಷ್ಟು ದೊಡ್ಡ ಓದಿಗೆ ಈ ದೇಶದಲ್ಲಿ ಹುಡುಗರು ಎಲ್ಲಿ ಸಿಗುತ್ತಾರೆ? ಓದಿ ಮುಗಿಸಿದ ಮೇಲೆ ಅವರಿಗೆ ಕೆಲಸ ಎಲ್ಲಿದೆ? ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟಿನ ಚಿಂತೆ ಅಷ್ಟು ಹಳೆಯದು ನೋಡಿ.

ಜಾಗ ಎಲ್ಲಿ ಅಂತ ಹುಡುಕುವ ಕೆಲಸ ವಿಲಿಯಂ ರಾಮ್ಸೆ ಅನ್ನುವ ರಸಾಯನ ವಿಜ್ಞಾನಿಗೆ ಹೋಯಿತು. ಜಡ ಅನಿಲಗಳನ್ನು ಕಂಡುಹಿಡಿದು ಮುಂದೆ 1904ರಲ್ಲಿ ನೊಬೆಲ್ ಪಡೆದ ರಾಮ್ಸೆ ಅವರೇ. ದೇಶ ಸುತ್ತಿ ಬೆಂಗಳೂರು ಆಗಬಹುದು ಅಂದರು. ಮೈಸೂರಿನಲ್ಲಿ ಆಗ ದಿವಾನ್ ಶೇಷಾದ್ರಿ ಅಯ್ಯರ್, ಮಹಾರಾಜರು ಚಿಕ್ಕವರಾದ್ದರಿಂದ ಆಡಳಿತ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿ. ಜಾಗ, ದುಡ್ಡು ಎರಡನ್ನೂ ಕೊಡುತ್ತೇವೆ ಅಂತ ಸಂಸ್ಥಾನ ಮುಂದೆ ಬಂತು. ಆದರೂ ಕಲ್ಕತ್ತೆ-ಲಂಡನ್ನಿನ ಮಧ್ಯೆ ಫೈಲು ಓಡಾಡುತ್ತಲೇ ಇತ್ತು. 1901ರಲ್ಲಿ ಶೇಷಾದ್ರಿ ಅಯ್ಯರ್ ತೀರಿಕೊಂಡರು. 1904ರಲ್ಲಿ ಜಮ್‌ಷೆಡ್‌ಜಿಯೂ ತೀರಿಕೊಂಡರು. ಒಂದು ಇಟ್ಟಿಗೆಯನ್ನೂ ಅವರು ನೋಡಲಿಲ್ಲ. ಮಕ್ಕಳಾದ ದೊರಾಬ್ಜಿ ಮತ್ತು ರತನ್ ಅಪ್ಪನ ಮಾತು ಉಳಿಸಿದರು.

1907ರಲ್ಲಿ ಮೈಸೂರು ಸರ್ಕಾರ 371 ಎಕರೆ ಜಮೀನು ಕೊಟ್ಟಿತು. ಕಟ್ಟಡಕ್ಕೆ ಅಂತ 5 ಲಕ್ಷ, ಅದಲ್ಲದೆ ವರ್ಷಕ್ಕೆ 50 ಸಾವಿರ ರೂಪಾಯಿ. 1909ರ ಮೇ 27ರಂದು ಸರ್ಕಾರದ ಆದೇಶ ಹೊರಟು ಸಂಸ್ಥೆ ಕಾಗದದ ಮೇಲೆ ಹುಟ್ಟಿತು. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು. ಅದೇ ವರ್ಷ ಜುಲೈನಲ್ಲಿ ಮೊದಲ ಬ್ಯಾಚು ಒಳಗೆ ಬಂತು. ಇದ್ದದ್ದು ರಸಾಯನ ಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಸರು ಟಾಟಾ ಅವರದ್ದು, ಸರಿ, ಅದು ಅವರಿಗೆ ಸಲ್ಲಬೇಕಾದ್ದೇ. ಆದರೆ ಮೈಸೂರಿನ ಐದು ಲಕ್ಷ ಮತ್ತು ವರ್ಷ ವರ್ಷದ ಐವತ್ತು ಸಾವಿರ ಎಲ್ಲಿಂದ ಬಂತು? ರೈತರು ಕಟ್ಟಿದ ಕಂದಾಯ, ಕೋಲಾರದ ಗಣಿಯೊಳಗೆ ಇಳಿದವರು ಮೇಲೆ ತಂದ ಚಿನ್ನದ ರಾಯಧನ, ಇವೇ ತಾನೆ ಸಂಸ್ಥಾನದ ಬೊಕ್ಕಸ? ನಮ್ಮ ಮುತ್ತಜ್ಜ ಕುಣಿಗಲ್ ಸೀಮೆಯಲ್ಲಿ ಮೂರೆಕರೆ ರಾಗಿ ಹೊಲದ ಕಂದಾಯ ಕಟ್ಟುತ್ತಿದ್ದರಂತೆ. ಅಂದರೆ ಆ ಗ್ರಾನೈಟ್ ಕಟ್ಟಡದಲ್ಲಿ ಒಂದು ಚಿಕ್ಕ ಚೂರು ಕಲ್ಲು ನಮ್ಮದೂ ಇರಬೇಕು! ಮಾವನಿಗೆ ಇದನ್ನು ಹೇಳಿದಾಗ "ಕೇಸ್ ಹಾಕು" ಅಂದರು.

* * *

ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್, ರಾಮ್ಸೆಯ ಶಿಷ್ಯರು. ಅವರ ಆಮೇಲೆ ಬೋರ್ನ್, ಆಮೇಲೆ ಫಾರ್ಸ್ಟರ್. ಮೂವರೂ ಇಂಗ್ಲಿಷರು. ಇಪ್ಪತ್ತೆರಡು ವರ್ಷ, ಅಂದರೆ 1911ರಿಂದ 1933ರವರೆಗೆ, ಆ ಕುರ್ಚಿಯಲ್ಲಿ ಭಾರತೀಯರು ಯಾರೂ ಕೂರಲಿಲ್ಲ.

ಹಾಗಂತ ಆ ಕಾಲ ವ್ಯರ್ಥ ಅಲ್ಲ. ನಿಮ್ಮ ಮನೆಯ ಬಚ್ಚಲಲ್ಲಿ ಮೈಸೂರು ಸ್ಯಾಂಡಲ್ ಸೋಪು ಇದೆಯಾ? ಅದರ ಮೂಲ ಇಲ್ಲಿದೆ. ಮೈಸೂರಿನ ಗಂಧದ ಮರ ಆಗ ಎಣ್ಣೆ ತೆಗೆಯಲು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದ ಮೇಲೆ ಹಡಗು ನಿಂತಿತು, ಕೊರಡು ಇಲ್ಲೇ ಕೊಳೆಯಲು ಶುರುವಾಯಿತು. ಇಲ್ಲೇ ಯಾಕೆ ಎಣ್ಣೆ ತೆಗೆಯಬಾರದು ಅಂತ ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಸರ್ಕಾರ ಕೇಳಿತು. ಬಟ್ಟಿ ಇಳಿಸುವ ಪ್ರಯೋಗ ಮಾಡಿದ್ದು ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್. ಅಲ್ಲಿಂದ ಗಂಧದೆಣ್ಣೆ ಕಾರ್ಖಾನೆ, 1918ರಲ್ಲಿ ಸೋಪು. ಇವತ್ತು ಮೆಟ್ರೋದಲ್ಲಿ ಯಶವಂತಪುರ ಬಿಟ್ಟ ಮೇಲೆ 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಅಂತ ಸ್ಟೇಷನ್ ಬರುತ್ತದಲ್ಲ, ಆ ಹೆಸರಿಗೂ ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪಿಗೂ ನಂಟು ಇರುವುದು ಹೀಗೆ.

ಇನ್ನೊಂದು ವಿಚಿತ್ರ. ಇಷ್ಟೆಲ್ಲ ಆದರೂ ಸಂಸ್ಥೆ ಡಿಗ್ರಿ ಕೊಡುತ್ತಿರಲಿಲ್ಲ! ಜಮ್‌ಷೆಡ್‌ಜಿ ಕನಸಿದ್ದು ವಿಶ್ವವಿದ್ಯಾಲಯ. ಬ್ರಿಟಿಷ್ ಸರ್ಕಾರ ಒಪ್ಪಿದ್ದು ಇನ್‌ಸ್ಟಿಟ್ಯೂಟ್. ಓದಿದವರಿಗೆ ಸಿಗುತ್ತಿದ್ದದ್ದು ಡಿಪ್ಲೊಮಾ, ಇಲ್ಲವೇ ಅಸೋಸಿಯೇಟ್‌ಶಿಪ್. ಎಂ.ಎಸ್ಸಿ., ಪಿಎಚ್.ಡಿ. ಬೇಕೆಂದರೆ ಇಲ್ಲಿ ಮಾಡಿದ ಕೆಲಸವನ್ನು ಬೇರೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು. ಈ ಸಣ್ಣ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಒಬ್ಬರಿಗೆ ಇದು ಬಹಳ ದುಬಾರಿಯಾಯಿತು.

* * *

1933ರಲ್ಲಿ ಸರ್ ಸಿ.ವಿ.ರಾಮನ್ ಕಲ್ಕತ್ತೆಯಿಂದ ಬಂದರು. ನೊಬೆಲ್ ಬಂದು ಮೂರು ವರ್ಷ ಆಗಿತ್ತು. ಮೊದಲ ಭಾರತೀಯ ನಿರ್ದೇಶಕರು. ಬಂದವರೇ ಭೌತಶಾಸ್ತ್ರ ವಿಭಾಗ ಶುರು ಮಾಡಿದರು. ಒಂದು ಗೇಟು ತೆರೆಯಿತು ಅನ್ನೋಣ.

ಅದೇ ವರ್ಷ ಮುಂಬಯಿಯಿಂದ ಒಂದು ಅರ್ಜಿ ಬಂತು. ಕಮಲಾ ಭಾಗವತ್ ಅಂತ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ. ಅಪ್ಪ, ಚಿಕ್ಕಪ್ಪ ಇಬ್ಬರೂ ಇದೇ ಸಂಸ್ಥೆಯಲ್ಲಿ ಆರಂಭದ ವರ್ಷಗಳಲ್ಲಿ ರಸಾಯನ ಶಾಸ್ತ್ರ ಓದಿದವರು. ಇನ್ನೇನು ಬೇಕು? ಅರ್ಜಿ ತಿರಸ್ಕಾರ ಆಯಿತು. ಕಾರಣ, ಹುಡುಗಿ.

ಆಕೆ ಬೆಂಗಳೂರಿಗೇ ಬಂದರು. ಕಾರಣ ಹೇಳಿ, ಹೇಳುವವರೆಗೆ ಹೋಗುವುದಿಲ್ಲ ಅಂದರು. ಗಾಂಧೀಜಿಯ ಕಾಲ ಅದು, ಸತ್ಯಾಗ್ರಹ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ರಾಮನ್ ಕೊನೆಗೆ ಒಪ್ಪಿದರು, ಷರತ್ತಿನ ಮೇಲೆ. ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಂತ ಲೆಕ್ಕ ಇಲ್ಲ. ಕೆಲಸ ತೃಪ್ತಿ ಆದರೆ ಮಾತ್ರ ಮುಂದೆ. ಮತ್ತೆ, ಅಲ್ಲಿನ ವಾತಾವರಣ ಕೆಡಿಸಬಾರದು! (ಲ್ಯಾಬಿನಲ್ಲಿ ವಾತಾವರಣ ಕೆಡಿಸುವವರು ಯಾರು ಅಂತ ಹಾಸ್ಟೆಲಿನಲ್ಲಿ ಇದ್ದ ನಮಗೆಲ್ಲ ಗೊತ್ತು, ಇರಲಿ ಬಿಡಿ.)

ಎಂ. ಶ್ರೀನಿವಾಸಯ್ಯ ಅನ್ನುವ ಶಿಸ್ತಿನ ಗುರುಗಳ ಹತ್ತಿರ ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ವರ್ಷ ಮುಗಿಯುವಾಗ ರಾಮನ್ನರಿಗೆ ತೃಪ್ತಿಯಾಯಿತು. ಆಮೇಲೆ ಬೇರೆ ಹುಡುಗಿಯರಿಗೂ ಪ್ರವೇಶ ಸಿಕ್ಕಿತು. 1936ರಲ್ಲಿ ಎಂ.ಎಸ್ಸಿ., ಆಮೇಲೆ ಕೇಂಬ್ರಿಜ್, 1939ರಲ್ಲಿ ಪಿಎಚ್.ಡಿ. ಮದುವೆಯಾದ ಮೇಲೆ ಕಮಲಾ ಸೊಹೋನಿ ಅಂತ ಹೆಸರಾದವರು ಇವರೇ. ಆ ಷರತ್ತುಗಳ ನೋವನ್ನು ಮಾತ್ರ ಮುಪ್ಪಿನವರೆಗೂ ಮರೆಯಲಿಲ್ಲ.

ರಾಮನ್ನರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ರಾಮನ್ ಎರಡು ವರ್ಷದ ಮೇಲೆ ಇನ್ನೊಬ್ಬರಿಗಾಗಿ ಗೇಟು ತೆರೆಯಲು ಹೋಗಿ ಕೈ ಸುಟ್ಟುಕೊಂಡರು. ಹಿಟ್ಲರ್ ಬಂದ ಮೇಲೆ ಯೆಹೂದಿ ಅಂತ ಕೆಲಸ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿದರು. ಕ್ವಾಂಟಂ ಮೆಕ್ಯಾನಿಕ್ಸ್ ಕಟ್ಟಿದವರಲ್ಲಿ ಒಬ್ಬರು. ಗಂಡ ಹೆಂಡತಿ ಇಬ್ಬರೂ ಕ್ಯಾಂಪಸ್ಸಿನಲ್ಲೇ ಉಳಿದರು. ಬಾರ್ನ್‌ಗೆ ಇಲ್ಲೇ ಕಾಯಂ ಹುದ್ದೆ ಕೊಡಿಸಬೇಕು ಅಂತ ರಾಮನ್ ಹಟ ಹಿಡಿದರು. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರು ಬಾರ್ನ್ ಎದುರಿಗೇ ಅವರನ್ನು ಹೀನಾಯವಾಗಿ ಮಾತಾಡಿದರಂತೆ. ಆ ರಾತ್ರಿ ಅತ್ತುಬಿಟ್ಟೆ ಅಂತ ಬಾರ್ನ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಹುದ್ದೆ ಸಿಗಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಇತ್ತ ರಾಮನ್ ಮೇಲೆ ದೂರು, ವಿಚಾರಣಾ ಸಮಿತಿ ಎಲ್ಲ ಆಗಿ 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು ಬರೀ ಪ್ರೊಫೆಸರಾಗಿ ಉಳಿದರು.

ಒಂದೇ ಮನುಷ್ಯ. ಹುಡುಗಿಗೆ ಬಾಗಿಲು ಹಾಕಿದವರೂ ಅವರೇ, ನಿರಾಶ್ರಿತನಿಗೆ ಬಾಗಿಲು ತೆರೆಯಲು ಕುರ್ಚಿಯನ್ನೇ ಅಪಾಯಕ್ಕೊಡ್ಡಿದವರೂ ಅವರೇ. ಓದಿ ಮುಗಿಸಿದ ಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

* * *

ಡಿಗ್ರಿಯ ವಿಷಯ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. 1940ರಲ್ಲಿ ರಾಮನ್ ಲ್ಯಾಬಿಗೆ ಅಣ್ಣಾ ಮಣಿ ಅನ್ನುವ ಮಲಯಾಳಿ ಹುಡುಗಿ ಬಂದರು. ವಜ್ರ, ಮಾಣಿಕ್ಯಗಳ ಮೇಲೆ ಬೆಳಕು ಬಿಟ್ಟು ಅವು ಬೀರುವ ಹೊಳಪನ್ನು ಅಳೆಯುವ ಕೆಲಸ. ಒಂದೊಂದು ಫೋಟೋ ಪ್ಲೇಟಿಗೆ ಹತ್ತಾರು ಗಂಟೆ ಬೆಳಕು ಬೇಕು, ಎಷ್ಟೋ ರಾತ್ರಿ ಲ್ಯಾಬಿನಲ್ಲೇ. ಐದು ಸಂಶೋಧನಾ ಲೇಖನ ಬರೆದರು, ಒಬ್ಬರೇ. 1945ರಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲ, ಆದ್ದರಿಂದ ಪಿಎಚ್.ಡಿ. ಇಲ್ಲ ಅಂತ ಉತ್ತರ ಬಂತು. ಐದು ವರ್ಷದ ಕೆಲಸ! ಡಿಗ್ರಿ ಕೊಡುವ ಅಧಿಕಾರ ಸಂಸ್ಥೆಗೇ ಇದ್ದಿದ್ದರೆ ಮದರಾಸಿನವರನ್ನು ಕೇಳಬೇಕಾಗಿಯೇ ಇರಲಿಲ್ಲ. ಆ ಅಧಿಕಾರ ಬಂದದ್ದು 1958ರಲ್ಲಿ, ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಾಗ. ಹದಿಮೂರು ವರ್ಷ ತಡ.

ಅಣ್ಣಾ ಮಣಿ ಕೂತು ಅಳಲಿಲ್ಲ. ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ಬಗ್ಗೆ ಕಲಿತು ಬಂದು, ಹವಾಮಾನ ಇಲಾಖೆ ಸೇರಿ, ಬಿಸಿಲು, ಗಾಳಿ, ಓಜೋನ್ ಅಳೆಯುವ ಯಂತ್ರಗಳನ್ನು ದೇಶದಲ್ಲೇ ಮಾಡಿಸಿದರು. ಇವತ್ತು ಸೋಲಾರ್ ಪ್ಯಾನೆಲ್ ಹಾಕುವವರು ಆಕೆಯ ಲೆಕ್ಕಗಳಿಗೆ ಋಣಿಗಳು. ಹೆಸರಿನ ಹಿಂದೆ ಡಾಕ್ಟರ್ ಮಾತ್ರ ಇರಲಿಲ್ಲ.

ಎರಡನೇ ಮಹಾಯುದ್ಧ ಬೆಂಗಳೂರಿಗೆ ವಿಮಾನ ತಂದಿತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅದಕ್ಕೆ ಎಂಜಿನಿಯರುಗಳು ಬೇಕಲ್ಲ ಅಂತ 1942ರ ಕೊನೆಯಲ್ಲಿ ಸಂಸ್ಥೆಯಲ್ಲಿ ವಿ.ಎಂ. ಘಾಟಗೆಯವರ ಕೈಯಲ್ಲಿ ಏರೋನಾಟಿಕಲ್ ವಿಭಾಗ. ರಜೆಗೆ ಅಂತ ಊರಿಗೆ ಬಂದು ಯುದ್ಧದಿಂದ ವಾಪಸ್ ಹೋಗಲಾಗದ ಹೋಮಿ ಭಾಭಾ ಇದೇ ಕ್ಯಾಂಪಸ್ಸಿನಲ್ಲಿ ಕಾಸ್ಮಿಕ್ ಕಿರಣ ಅಧ್ಯಯನ ಮಾಡುತ್ತಿದ್ದರು. ಆ ಗಡಿಬಿಡಿಯ ಮಧ್ಯೆ, 1943ರಲ್ಲಿ, ನಮ್ಮದೇ ಒಬ್ಬ ಹುಡುಗಿ ಒಳಗೆ ಬಂದರು. ರಾಜೇಶ್ವರಿ. ಅಪ್ಪ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಸಂಸ್ಥೆಯಲ್ಲಿ ವಿದ್ಯುತ್ ವಿಭಾಗ ಸೇರಿ, ಅಮೆರಿಕದ ಮಿಷಿಗನ್ನಿನಲ್ಲಿ ಪಿಎಚ್.ಡಿ. ಮಾಡಿ, 1953ರಲ್ಲಿ ವಾಪಸ್ ಬಂದು ಪಾಠ ಮಾಡಲು ನಿಂತರು. ಮದುವೆಯಾಗಿ ರಾಜೇಶ್ವರಿ ಚಟರ್ಜಿ ಆದರು. ಮೈಕ್ರೋವೇವ್, ಆಂಟೆನಾ ಅವರ ವಿಷಯ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ನಾಲ್ಕು ವರ್ಷ ಆಂಟೆನಾ ಅಂತ ಬಾಯಿಪಾಠ ಮಾಡಿದ ನನಗೆ ನಂಜನಗೂಡಿನ ಈ ಹೆಸರನ್ನು ಯಾರೂ ಹೇಳಿರಲಿಲ್ಲ.

* * *

1974. ಈ ವರ್ಷ ಎರಡು ಸಂಗತಿ ನಡೆದವು. ಒಂದು ನಿಮಗೆಲ್ಲ ಗೊತ್ತು. ಸಂಸ್ಥೆಯಲ್ಲಿ ಎಂ.ಟೆಕ್. ಮುಗಿಸುತ್ತಿದ್ದ ಹುಬ್ಬಳ್ಳಿಯ ಹುಡುಗಿ ನೋಟಿಸ್ ಬೋರ್ಡಿನಲ್ಲಿ ಟೆಲ್ಕೊ ಕಂಪನಿಯ ಜಾಹೀರಾತು ನೋಡಿದರು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಅಂತಿತ್ತು. ಸಿಟ್ಟು ಬಂದು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್ ಕಾರ್ಡ್ ಬರೆದರು, ಕೆಲಸ ಸಿಕ್ಕಿತು. ಸುಧಾ ಮೂರ್ತಿಯವರ ಈ ಕಥೆ ಕೇಳಿ ಕೇಳಿ ಕಿವಿ ತೂತಾಗಿದೆ ಅಂತೀರಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಕಮಲಾ ಭಾಗವತ್ ಆದ ಮೇಲೆ ಓದಿದರೆ ಅದರ ತೂಕ ಬೇರೆ. ನಲವತ್ತೊಂದು ವರ್ಷ ಆದ ಮೇಲೂ ಗೇಟು ಹಾಗೇ ಇತ್ತು. ಕ್ಯಾಂಪಸ್ಸಿನಿಂದ ಸರಿದು ಕಾರ್ಖಾನೆಯ ಮುಂದೆ ನಿಂತಿತ್ತು, ಅಷ್ಟೇ.

ಎರಡನೆಯದು ಅಷ್ಟು ಪ್ರಸಿದ್ಧ ಅಲ್ಲ. ಎ.ಕೆ.ಎನ್. ರೆಡ್ಡಿ ಅಂತ ಒಬ್ಬ ಪ್ರೊಫೆಸರು. ವಿದ್ಯುತ್ ರಸಾಯನ ಶಾಸ್ತ್ರದಲ್ಲಿ ದೊಡ್ಡ ಹೆಸರು. ನಾವು ಮಾಡುವ ವಿಜ್ಞಾನದಿಂದ ಹಳ್ಳಿಯವರಿಗೆ ಏನು ಸಿಕ್ಕಿತು ಅಂತ ಅವರಿಗೆ ಕೊರೆಯಲು ಶುರುವಾಯಿತು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ತಂತ್ರಜ್ಞಾನ ಒಯ್ಯಲು ಒಂದು ಘಟಕ ಶುರು ಮಾಡಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದರೆ 'ಅಸ್ತ್ರ'. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಕೇಂದ್ರ ಹಾಕಿದರು. ಸುತ್ತಲಿನ ಆರು ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಸುಡುತ್ತಾರೆ, ಎಷ್ಟು ದೂರ ನಡೆದು ತರುತ್ತಾರೆ ಅಂತ ಮನೆ ಮನೆ ಲೆಕ್ಕ ಹಾಕಿದರು. ಹಳ್ಳಿಯ ಶಕ್ತಿಯ ಖರ್ಚಿನಲ್ಲಿ ಸಿಂಹಪಾಲು ಅಡುಗೆಯ ಸೌದೆಯದ್ದು ಅಂತ ತಿಳಿಯಿತು. ಆಗ ಹುಟ್ಟಿದ್ದು ಅಸ್ತ್ರ ಒಲೆ. ಮೂರು ಪಾತ್ರೆ ಇಡುವ ಮಣ್ಣಿನ ಒಲೆ, ಕೆಳಗೆ ಜಾಲರಿ, ಹೊಗೆ ಹೊರಗೆ ಹೋಗಲು ಕೊಳವೆ. ಪಕ್ಕದ ಪುರ ಎಂಬ ಹಳ್ಳಿಯಲ್ಲಿ ಸಗಣಿ ಗ್ಯಾಸಿನಿಂದ ಕರೆಂಟು ಮಾಡಿ ಮನೆಗೆ ದೀಪ, ನಲ್ಲಿಗೆ ನೀರು ಕೊಟ್ಟರು.

ಇದನ್ನು ಓದಿದ ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. ನಮ್ಮಜ್ಜಿಯ ಊರು ಕುಣಿಗಲ್ ತಾಲ್ಲೂಕು. ಅಡುಗೆ ಮನೆಯ ಮೂಲೆಯಲ್ಲಿ ಕೊಳವೆ ಇರುವ ಒಂದು ಮಣ್ಣಿನ ಒಲೆ ನಾನು ಹುಟ್ಟಿದಾಗಿನಿಂದ ಇದೆ.

"ಅಜ್ಜಿ, ಆ ಒಲೆ ಯಾರು ಹಾಕಿದ್ದು?"

"ಯಾವ್ದು, ಅಸ್ತ್ರ ಒಲೆನಾ? ಅದ್ಯಾರೋ ಟ್ರೈನಿಂಗ್ ಆಗಿದ್ದ ಮೇಸ್ತ್ರಿ ಬಂದು ಹಾಕ್ಕೊಟ್ಟ ಕಣಪ್ಪ, ನಿಮ್ಮಮ್ಮ ಇಸ್ಕೂಲಿಗೆ ಹೋಗ್ತಿದ್ಲು ಆಗ. ಹೊಗೆ ಇರ್ನಿಲ್ಲ. ಅಲ್ಲೀಗಂಟ ನನ್ನ ಕಣ್ಣು ಉರೀತಾನೇ ಇರ್ತಿತ್ತು. ಯಾಕೆ, ಈಗ ಏನಾಯ್ತು?"

ಏನಿಲ್ಲ ಅಂದೆ. ಗೇಟ್ ಪರೀಕ್ಷೆ ಬರೆದು ಎರಡು ಸಲ ನಾನು ತಲುಪಲಾಗದ ಜಾಗ, ನಾನು ಹುಟ್ಟುವ ಮೊದಲೇ ನಮ್ಮಜ್ಜಿಯ ಅಡುಗೆ ಮನೆಗೆ ಬಂದು ಕೂತಿತ್ತು. ಈಗ ಗ್ಯಾಸ್ ಬಂದಿದೆ, ಆದರೂ ಮುದ್ದೆ ಮಾತ್ರ ಆ ಒಲೆಯ ಮೇಲೇ ಆಗಬೇಕು ಅಜ್ಜಿಗೆ.

ಇನ್ನೊಂದು ನೆನಪೂ ಜೊತೆಗೇ ಬಂತು. ಮಾವನ ಮನೆಯ ಅಟ್ಟದ ಮೇಲೆ ಟ್ರಂಕಿನಲ್ಲಿ 'ಬಾಲ ವಿಜ್ಞಾನ'ದ ಹಳೇ ಸಂಚಿಕೆಗಳಿದ್ದವು. ಬೇಸಿಗೆ ರಜೆಯಲ್ಲಿ ಅವೇ ನನ್ನ ಕಾಮಿಕ್ಸು. ಪ್ರಕಟಿಸುತ್ತಿದ್ದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಳಾಸ ಆಗ ಇದೇ ಸ್ಥಳ, ಬೆಂಗಳೂರು 560012. ಆ ಪಿನ್ ಕೋಡು ನನಗೆ ಬಾಯಿಪಾಠ. ಅದು ಟಾಟಾ ಇನ್‌ಸ್ಟಿಟ್ಯೂಟಿನದ್ದು ಅಂತ ಮಾತ್ರ ಗೊತ್ತಿರಲಿಲ್ಲ!

* * *

ಇನ್ನು ಚಳ್ಳಕೆರೆ. ಸಂಸ್ಥೆಗೆ ನೂರು ತುಂಬಿದ ಸುಮಾರಿಗೆ ಚಿತ್ರದುರ್ಗ ಜಿಲ್ಲೆಯ ಕುದಾಪುರದ ಹತ್ತಿರ ಸರ್ಕಾರ 1,500 ಎಕರೆ ಕೊಟ್ಟಿತು, ಎರಡನೇ ಕ್ಯಾಂಪಸ್ಸಿಗೆ. ಅದು ಅಮೃತ ಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲು. ಸುತ್ತಲ ಊರಿನವರ ಕುರಿ, ದನ ಮೇಯುತ್ತಿದ್ದದ್ದು ಅಲ್ಲೇ. ಅಕ್ಕಪಕ್ಕದಲ್ಲಿ ಬೇರೆ ಕೇಂದ್ರ ಸಂಸ್ಥೆಗಳಿಗೂ ಜಾಗ ಹೋಯಿತು, ಕಾಂಪೌಂಡುಗಳು ಎದ್ದವು, ಕುರಿ ಕಾಯುವವರು ಬೀದಿಗಿಳಿದರು, ಕೇಸು ಹಸಿರು ನ್ಯಾಯಮಂಡಳಿವರೆಗೂ ಹೋಯಿತು. 'ಕಾವಲು' ಅಂದರೆ ಹುಲ್ಲುಗಾವಲು ಅಂತ ಇದ್ದದ್ದು ಗೇಟಿನ ಕಾವಲು ಆಯಿತು.

ಆದರೆ ಅದೇ ಕುದಾಪುರದಲ್ಲಿ ಸಂಸ್ಥೆ ಸರ್ಕಾರಿ ಶಾಲೆಯ ವಿಜ್ಞಾನ ಮೇಷ್ಟ್ರುಗಳನ್ನು ಕರೆಸಿ ಪ್ರಯೋಗ ಮಾಡಿಸಿ ಕಳಿಸುವ ಕೆಲಸವನ್ನೂ ಶುರು ಮಾಡಿತು. ನಮ್ಮ ಮಾವ 'ಓದಿದ್ದು' ಅಲ್ಲೇ. "ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದನ್ನ ಮೊದಲ ಸಲ ಕೈಯಲ್ಲಿ ಮಾಡಿ ನೋಡಿದೆ ಕಣೋ" ಅಂತಾರೆ. ಕುರಿ ಕಾಯುವವನಿಗೆ ಮುಚ್ಚಿದ ಗೇಟು ಮೇಷ್ಟ್ರಿಗೆ ತೆರೆಯಿತು. ಯಾವುದನ್ನು ಜಮೆಗೆ ಹಾಕಲಿ, ಯಾವುದನ್ನು ಖರ್ಚಿಗೆ? ನನಗೆ ಲೆಕ್ಕ ಹೊಂದುತ್ತಿಲ್ಲ. ಮಾವನಿಗೂ ಹೊಂದುತ್ತಿಲ್ಲ, ಅವರ ಕ್ಲಾಸಿನಲ್ಲಿ ಕುರಿ ಕಾಯುವವರ ಮಕ್ಕಳೂ ಇದ್ದರು.

ಬೆಂಗಳೂರಿನ ಕ್ಯಾಂಪಸ್ಸಿಗೂ ಪೆಟ್ಟು ಬಿತ್ತು. 2005ರ ಡಿಸೆಂಬರ್ 28ರ ಸಂಜೆ ಸಮ್ಮೇಳನ ಮುಗಿಸಿ ಸಭಾಂಗಣದಿಂದ ಹೊರಬರುತ್ತಿದ್ದವರ ಮೇಲೆ ಗುಂಡಿನ ದಾಳಿ ನಡೆದು ದಿಲ್ಲಿಯಿಂದ ಬಂದಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ತೀರಿಕೊಂಡರು. ಆಮೇಲೆ ಗೇಟಿನಲ್ಲಿ ತಪಾಸಣೆ ಬಿಗಿಯಾಯಿತು. ಅದು ತಪ್ಪು ಅಂತ ಹೇಗೆ ಹೇಳುವುದು?

ಹಾಗಾಗಿಯೇ ವರ್ಷಕ್ಕೊಂದು ದಿನದ ಓಪನ್ ಡೇ ನನಗೆ ದೊಡ್ಡದಾಗಿ ಕಂಡಿತು. ನಾವು ಹೋದ ದಿನ ಜಾತ್ರೆ. ಯೂನಿಫಾರಂ ಹಾಕಿದ ಶಾಲೆ ಮಕ್ಕಳು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಬುತ್ತಿ ಕಟ್ಟಿಕೊಂಡು ಬಂದ ಅಜ್ಜಿಯರು. ಹೈ ವೋಲ್ಟೇಜ್ ಲ್ಯಾಬಿನ ಕೃತಕ ಮಿಂಚಿಗೆ ಮೈಲುದ್ದ ಕ್ಯೂ. ಗುಲ್‌ಮೊಹರ್ ಮಾರ್ಗದಲ್ಲಿ ಮಾವ ಪ್ರತಿ ಮರಕ್ಕೂ ನಿಂತು ಹೆಸರು ಹೇಳಿದರು. ಈ ಮರಗಳಲ್ಲಿ ರಾತ್ರಿ ಕಾಡುಪಾಪಗಳು ಓಡಾಡುತ್ತವೆ ಗೊತ್ತಾ, ಬೆಂಗಳೂರಿನ ಮಧ್ಯದಲ್ಲಿ!

ಒಂದು ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಯಂತ್ರದ ಮುಂದೆ ನಿಂತು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಎದುರಿಗಿದ್ದ ಸರ್ಕಾರಿ ಶಾಲೆಯ ಮಕ್ಕಳು ಮುಖ ಮುಖ ನೋಡಿಕೊಂಡವು. ಆಕೆಗೆ ಅರ್ಥವಾಯಿತು. ಒಂದು ಕ್ಷಣ ತಡೆದು, ಧಾರವಾಡದ ಕಡೆಯ ಕನ್ನಡದಲ್ಲಿ "ಹಂಗಾದ್ರ ಮೊದಲಿಂದ ಹೇಳ್ತೀನಿ, ಇಲ್ಲಿ ಬರ್ರಿ" ಅಂತ ಶುರು ಮಾಡಿದಳು. ಮಕ್ಕಳು ಮುಂದಕ್ಕೆ ನುಗ್ಗಿದವು. ನನ್ನನ್ನೂ ತಳ್ಳಿಕೊಂಡು.

ತೊಂಬತ್ತು ವರ್ಷದ ಹಿಂದೆ ಇಂಥ ಒಂದು ಹುಡುಗಿಯನ್ನು ಒಳಗೆ ಬಿಡಲು ಷರತ್ತು ಹಾಕಿದ್ದ ಜಾಗ ಇದು ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆಕೆಗೆ ಥ್ಯಾಂಕ್ಸ್ ಹೇಳಿ ಬರುತ್ತಿದ್ದೆ.

ಸಂಜೆ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಾ ಮಾವ ಕೇಳಿದರು, "ಮತ್ತೆ ಗೇಟ್ ಬರೀತೀಯೇನೋ?" ನಾನು ನಕ್ಕು ಸುಮ್ಮನಾದೆ. ಬಸ್ಸು ಬಂತು, ಹತ್ತಿದೆವು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಈ ಸಲ ಮೊಬೈಲು ನೋಡಲಿಲ್ಲ.

ನಿಮ್ಮ ಕಾಲೇಜಿನ ಜಮೀನು ಯಾರದ್ದಾಗಿತ್ತು, ಮೊದಲ ಹುಡುಗಿ ಯಾರು, ಅಲ್ಲಿಂದ ಊರಿಗೆ ಬಂದದ್ದೇನು ಅಂತ ಯಾವತ್ತಾದರೂ ಕೇಳಿ ನೋಡಿದ್ದೀರಾ? ಕೇಳಿದರೆ ಬರೆಯಿರಿ, ನಾನು ಓದುತ್ತೇನೆ. ಮತ್ತೆ ಅಜ್ಜಿ ಮನೆ ಮೂಲೆಯ ಒಲೆಯನ್ನೂ ಒಂದು ಸಲ ನೋಡಿ.